ಅತ್ತೆ ನಿಲ್ಲಿಸಿದ ಅಲಾರಂ

ಮಾತು ಕೇಳಿ ಸರಕು ಕೊಳ್ಳಬಾರದು ಎಂಬ ಬುದ್ಧಿಯನ್ನು ಅಂಗಡಿಯವರು ಪೆಟ್ಟು ತಿಂದು ಕಲಿಯುತ್ತಾರೆ. ಟೈಮಕ್ಕ ಅದನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಕಲಿತಳು.

ಇಪ್ಪತ್ತೆರಡು ವರ್ಷ ಅವಳ ಬಂಡವಾಳ ಒಂದು ಸೀಟಿ, ಒಂದು ಕೈಗಡಿಯಾರ, ಒಂದು ನೋಟ್‌ಬುಕ್ಕು. ಹೊತ್ತಿಗೆ ಸರಿಯಾಗಿ ಸೀಟಿ ಊದಬೇಕು, ಬಸ್ಸು ಹೊರಟ ಹೊತ್ತನ್ನು ಬರೆಯಬೇಕು. ಜೊತೆಯವರೆಲ್ಲ ಸೀಟಿ ಊದಿದ ಹೊತ್ತನ್ನೇ ಬರೆದು ಟೀ ಅಂಗಡಿಯ ದಾರಿ ಹಿಡಿಯುತ್ತಿದ್ದರು. ಇವಳು ಮಾತ್ರ ಬಸ್ಸಿನ ಹಿಂದಿನ ಚಕ್ರ ಗೇಟು ದಾಟುವ ತನಕ ಪೆನ್ನಿನ ಮುಚ್ಚಳ ತೆಗೆಯುತ್ತಿರಲಿಲ್ಲ. "ಸೀಟಿ ಊದಿದ್ದಾಯ್ತಲ್ಲ, ಇನ್ನೇನು ನೋಡ್ತೀಯಕ್ಕಾ?" ಎಂದು ಡ್ರೈವರುಗಳು ರೇಗಿಸಿದರೆ, "ಸೀಟಿ ಊದಿದ್ದು ನನಗೆ ಗೊತ್ತು. ನೀನು ಹೊರಟಿದ್ದು ಯಾರಿಗೆ ಗೊತ್ತು?" ಎನ್ನುತ್ತಿದ್ದಳು. ಟೈಮಕ್ಕ ಎಂಬ ಹೆಸರು ಅಲ್ಲಿ ಅಂಟಿದ್ದು, ಮನೆಯವರೂ ಹಾಗೆಯೇ ಕರೆಯತೊಡಗಿದರು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿದಿದೆ.

ಒಂದು ದಿನ ಬಸ್‌ಸ್ಟ್ಯಾಂಡಿಗೆ ಮಿನುಗುವ ಫಲಕಗಳು ಬಂದವು. ಫಲಕಕ್ಕೆ ಟೀ ಬೇಡ, ರಜೆ ಬೇಡ, ಬಾಯಿಯೂ ಇಲ್ಲ. ಸೀಟಿಯವರನ್ನೆಲ್ಲ ಕಳೆದುಹೋದ ಕೊಡೆಗಳಿಗೆ ಚೀಟಿ ಅಂಟಿಸುವ ಕೋಣೆಗೆ ಹಾಕಿದರು. ನಾಲ್ಕು ತಿಂಗಳು ಕೊಡೆ ನೋಡಿ ಟೈಮಕ್ಕ ರಾಜೀನಾಮೆ ಬರೆದಳು. ನಲವತ್ತಾರನೆಯ ವಯಸ್ಸಿನಲ್ಲಿ, ಮಗಳ ವಯಸ್ಸಿನವರ ಪಕ್ಕದ ಬೆಂಚಿನಲ್ಲಿ ಕೂತು, ಆರು ತಿಂಗಳ ಸಂಜೆ ತರಗತಿ ಮುಗಿಸಿದಳು. ಕಲಿತ ವಿದ್ಯೆ ಇಷ್ಟು: ಬೇರೆಯವರು ಬರೆದ ಕೋಡು ಹೇಳಿದ ಕೆಲಸವನ್ನು ಹೇಳಿದಂತೆ ಮಾಡುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸುವುದು. ಹಳೆಯ ಕಸುಬೇ, ಬಸ್ಸು ಮಾತ್ರ ಬೇರೆ.

ಅವಳನ್ನು ಕೆಲಸಕ್ಕೆ ತೆಗೆದುಕೊಂಡದ್ದು ಹಾಸಿಗೆ ಅಂಗಡಿಯ ಮೇಲಿನ ಎರಡನೇ ಮಹಡಿಯ ಸಣ್ಣ ಕಂಪನಿ. ಏಳು ಜನ, ಐದು ಕುರ್ಚಿ, ಒಂದು ಕಿಟಕಿ. ಮೆಟ್ಟಿಲಿನ ತುಂಬ ಹತ್ತಿಯ ಧೂಳು, ಒಳಗೆ ಬೆಸುಗೆಯ ಹೊಗೆ. ಅದರ ಯಜಮಾನರು ಗಿರಾಕಿ ಏನು ಕೇಳಿದರೂ ಮೊದಲು "ಆಯ್ತು" ಎನ್ನುವವರು. ಏನು ಕೇಳಿದರು ಎಂದು ಆಮೇಲೆ ಯೋಚಿಸುವವರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದಲ್ಲ, ಇವರು ಕುಲಾವಿ ಮಾರಿ ಆಗಿರುತ್ತಿತ್ತು. ಹಾಗಾಗಿ ಬೆನ್ನ ಹಿಂದೆ ಅವರಿಗೆ ಆಯ್ತಪ್ಪನವರು ಎಂದೇ ಹೆಸರು.

"ಮೂರು ತಿಂಗಳು ನೋಡೋಣ," ಎಂದಿದ್ದರು ಆಯ್ತಪ್ಪನವರು ಮೊದಲ ದಿನ. "ನಿಮ್ಮಿಂದ ಉಪಯೋಗ ಇದೆ ಅನಿಸಿದ್ರೆ ಖಾಯಂ. ಇಲ್ಲ ಅಂದ್ರೆ ಬೇಜಾರು ಮಾಡ್ಕೋಬಾರದು."

ಪರೀಕ್ಷೆ ಮಾಡುವವರ ಪಾಡು ವಿಚಿತ್ರ. ತಪ್ಪು ಸಿಗದಿದ್ದರೆ ಇವಳು ಯಾಕೆ ಬೇಕು ಎನ್ನುತ್ತಾರೆ, ಸಿಕ್ಕರೆ ಇವಳು ಯಾಕೆ ಬಂದಳು ಎನ್ನುತ್ತಾರೆ. ಮೂರು ತಿಂಗಳಲ್ಲಿ ಟೈಮಕ್ಕ ಹಿಡಿದದ್ದು ಎರಡು ಕಾಗುಣಿತದ ತಪ್ಪು, ತಲೆಕೆಳಗಾದ ಒಂದು ಚಿತ್ರ. ಶನಿವಾರಕ್ಕೆ ಗಡುವು ಮುಗಿಯುತ್ತಿತ್ತು. ಕೆಲಸ ಹೋದರೆ ಮತ್ತೆ ಕೊಡೆಗಳ ಕೋಣೆಯೂ ಇಲ್ಲ.

ಆ ವಾರ ಕಂಪನಿಯವರೆಲ್ಲರ ಕಣ್ಣು ಒಂದೇ ಪೆಟ್ಟಿಗೆಯ ಮೇಲಿತ್ತು. ಊಟದ ಡಬ್ಬಿಯಷ್ಟು ದೊಡ್ಡದು. ಕೋಳಿಮರಿ ಮಾಡುವ ಕೇಂದ್ರದ ಒಡತಿಗೆಂದು ಮಾಡಿದ್ದು. ಎಲ್ಲರೂ ಆಕೆಯನ್ನು ಕೋಳಿಯಮ್ಮ ಎನ್ನುತ್ತಿದ್ದರು, ಆಕೆಗೂ ಅದು ಗೊತ್ತಿತ್ತು. ಕಾವು ಕೊಡುವ ಯಂತ್ರದಲ್ಲಿ ಮೊಟ್ಟೆ ಸುಮ್ಮನೆ ಕೂತರೆ ಆಗದು. ತಾಯಿಕೋಳಿ ಕೊಕ್ಕಿನಿಂದ ಹೊರಳಿಸಿದಂತೆ ಗಂಟೆಗೊಮ್ಮೆ ಹೊರಳಿಸಬೇಕು, ಇಲ್ಲವಾದರೆ ಒಳಗಿನ ಮರಿ ಒಂದೇ ಕಡೆ ಅಂಟಿಕೊಂಡು ಸಾಯುತ್ತದೆ. ಪೆಟ್ಟಿಗೆಯ ಮೊದಲ ಕೆಲಸ ಅದು: ಒಳಗಿನ ಟೈಮರ್ ಗಂಟೆಗೊಮ್ಮೆ ಸಿಗ್ನಲ್ ಕೊಡಬೇಕು, ಟ್ರೇ ಹೊರಳಬೇಕು. ಎರಡನೆಯ ಕೆಲಸ, ನೆಟ್‌ವರ್ಕ್ ಇದೆಯೋ ಇಲ್ಲವೋ ಆಗಾಗ ನೋಡಿಕೊಂಡು ಕೋಳಿಯಮ್ಮನ ಫೋನಿಗೆ "ಎಲ್ಲಾ ಕ್ಷೇಮ" ಎಂದು ಹಸಿರು ದೀಪ ತೋರಿಸುವುದು.

ಕೋಡು ಬರೆದವನಿಗೆ ಎಲ್ಲರೂ ಇಟ್ಟ ಹೆಸರು ಕನ್ನಡಕ. ಇಪ್ಪತ್ತೇಳರ ಹುಡುಗ, ಬುದ್ಧಿವಂತ, ಅದು ಅವನಿಗೂ ಗೊತ್ತಿದ್ದದ್ದೇ ತೊಂದರೆ. ಟೈಮರಿಗೆ ನಲವತ್ತೊಂದು ಪರೀಕ್ಷೆ, ನೆಟ್‌ವರ್ಕಿಗೆ ಮೂವತ್ತಾರು. ಎಲ್ಲ ಹಸಿರು. ಟೈಮರನ್ನು ಪರೀಕ್ಷಿಸುವಾಗ ನೆಟ್‌ವರ್ಕಿನ ತಪಾಸಣೆ ನಿಲ್ಲಿಸಿಡಬೇಕು, ನೆಟ್‌ವರ್ಕನ್ನು ಪರೀಕ್ಷಿಸುವಾಗ ಟೈಮರ್ ನಿಲ್ಲಿಸಿಡಬೇಕು ಎಂಬುದು ಅವನ ನಿಯಮ.

"ಒಂದೊಂದಾಗಿ ನೋಡ್ಬೇಕು ಅಕ್ಕ. ಕಲಸಿದ್ರೆ ಯಾವುದರ ತಪ್ಪು ಅಂತ ಗೊತ್ತಾಗಲ್ಲ," ಎಂದಿದ್ದ.

ಮಂಗಳವಾರ ಟೈಮಕ್ಕ ಆ ಎಪ್ಪತ್ತೇಳನ್ನೂ ಮತ್ತೊಮ್ಮೆ ಓಡಿಸಿ ಮನೆಗೆ ಹೊರಟಾಗ ಕತ್ತಲಾಗಿತ್ತು. ಬುಧವಾರ ಮಧ್ಯಾಹ್ನ ಮೂರಕ್ಕೆ ಕೋಳಿಯಮ್ಮ ವ್ಯಾನು ತಂದು ಪೆಟ್ಟಿಗೆ ಒಯ್ಯುವುದು, ಗುರುವಾರ ಬೆಳಿಗ್ಗೆ ಹನ್ನೆರಡು ಸಾವಿರ ಮೊಟ್ಟೆ ಕಾವಿಗೆ ಇಡುವುದು ಎಂದು ಗೊತ್ತಾಗಿತ್ತು.

ಬುಧವಾರ ಬೆಳಿಗ್ಗೆ ಟೈಮಕ್ಕನ ಬಾಳಿನಲ್ಲಿ ಎಂದೂ ನಡೆಯದ್ದು ನಡೆಯಿತು. ಅವಳು ತಡವಾಗಿ ಎದ್ದಳು.

ಮನೆಯಲ್ಲಿ ಅಲಾರಂ ಇರುವುದು ಒಂದೇ, ಮಂಚದ ಪಕ್ಕದ ಬ್ಯಾಟರಿ ಗಡಿಯಾರದಲ್ಲಿ. ಫೋನಿನ ಮೇಲೆ ಅವಳಿಗೆ ನಂಬಿಕೆಯಿಲ್ಲ. ಚಾರ್ಜು ಮುಗಿದರೆ ಅದರ ಮಾತೂ ಮುಗಿಯಿತು. ಆ ಗಡಿಯಾರ ವರ್ಷಗಟ್ಟಲೆ ಐದೂವರೆಗೆ ಸರಿಯಾಗಿ ಕೂಗಿದೆ. ಇವತ್ತು ಕಣ್ಣು ಬಿಟ್ಟರೆ ಏಳೂಕಾಲು. ಗಂಡ, ಮೂಲೆಯ ಅಂಗಡಿಯಲ್ಲಿ ಬೀಗದ ಕೈ ಮಾಡುವವನು, ಪಕ್ಕದಲ್ಲಿ ಕೊರಡಿನಂತೆ ಬಿದ್ದಿದ್ದ. ಊರಿನ ಬೀಗವನ್ನೆಲ್ಲ ತೆಗೆಯುವ ಅವನ ಕಣ್ಣನ್ನು ತೆಗೆಸುವ ಕೈ ಇನ್ನೂ ಯಾರೂ ಮಾಡಿಲ್ಲ.

"ಅತ್ತೆ, ಅಲಾರಂ ಯಾಕೆ ಹೊಡೀಲಿಲ್ಲ?" ಎಂದಳು ಟೈಮಕ್ಕ, ಜಡೆ ಹೆಣೆಯುತ್ತ.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಕಣ್ಣಿನ ಆಪರೇಷನ್ ಆಗಿ ಹದಿನೈದು ದಿನ. ಕಪ್ಪು ಕನ್ನಡಕ ಹಾಕಿಕೊಂಡು ಪತ್ತೇದಾರರ ಹಾಗೆ ಕಾಣುತ್ತಿದ್ದರು.

"ನನ್ನನ್ನ ಯಾಕೆ ಕೇಳ್ತೀಯೇ? ಗಡಿಯಾರ ನಿನ್ನದು."

"ನಿನ್ನೆ ರಾತ್ರಿ ಏನಾದರೂ ಮುಟ್ಟಿದ್ರಾ?"

"ಮುಟ್ಟದೆ ಏನು ಮಾಡ್ಲಿ? ಔಷಧಿ ಬಿಟ್ಟು ಹತ್ತು ನಿಮಿಷ ಕಣ್ಣು ಮುಚ್ಚಿರ್ಬೇಕು ಅಂದಿದ್ದಾರೆ ಡಾಕ್ಟರು. ದಿನಾ ನೀನು ಗಡಿಯಾರ ನೋಡ್ತಿದ್ದೆ. ನಿನ್ನೆ ನೀನು ಬಂದಿದ್ದೇ ತಡ. ಕಣ್ಣು ಮುಚ್ಕೊಂಡು ಗಡಿಯಾರ ನೋಡೋದಕ್ಕೆ ನನಗೇನು ನೆತ್ತಿ ಮೇಲೆ ಕಣ್ಣಿದೆಯಾ? ಹತ್ತು ನಿಮಿಷಕ್ಕೆ ಅಲಾರಂ ಇಟ್ಕೊಂಡೆ."

"ಆಮೇಲೆ?"

"ಅಷ್ಟರಲ್ಲಿ ಹಾಲು ಉಕ್ಕೋ ಸದ್ದು ಕೇಳ್ತು. ಎಣ್ಣೆ ಬಂದಾಗ ಕಣ್ಣು ಮುಚ್ಚಿದ ಅಂತಾರಲ್ಲ, ನನ್ನದು ಹಾಲು ಬಂದಾಗ. ಎದ್ದೆ. ಇನ್ನು ಅದು ಕಿರುಚೋದು ಯಾಕೆ ಅಂತ ಗುಂಡಿ ಒತ್ತಿ ನಿಲ್ಲಿಸಿಬಿಟ್ಟೆ."

"ನಿಲ್ಲಿಸಿದ್ದು ನಿಮ್ಮ ಹತ್ತು ನಿಮಿಷದ ಅಲಾರಂ. ನನ್ನ ಐದೂವರೆ ಏನಾಯ್ತು?"

ಅತ್ತೆ ಕಪ್ಪು ಕನ್ನಡಕದೊಳಗಿಂದ ಸೊಸೆಯನ್ನು ನೋಡಿದರು. "ಅದು ಬೇರೆ ಇದು ಬೇರೆ ಅಂತ ಗಡಿಯಾರಕ್ಕೆ ಗೊತ್ತಿರ್ಬೇಕಲ್ಲ," ಎಂದರು. ಸೆರಗು ಸರಿಮಾಡಿಕೊಂಡು, "ಗೊತ್ತಿಲ್ವಾ?" ಎಂದರು.

ಮೆಟ್ಟಿಲೇರುವಾಗ ಟೈಮಕ್ಕ ನಲವತ್ತು ನಿಮಿಷ ತಡ. ಒಳಗೆ ಕಾಲಿಟ್ಟದ್ದೇ, ಬೆಸುಗೆ ಹಾಕುವವಳು ಗೋಡೆಯ ಗಡಿಯಾರವನ್ನು ಕಿವಿಗೆ ಹಿಡಿದು ನೋಡುವಂತೆ ನಟಿಸಿದಳು. "ಇದು ಕೆಟ್ಟಿರ್ಬೇಕು ಕಣ್ರೀ. ಟೈಮಕ್ಕನೇ ತಡ ಅಂದ್ರೆ ನಂಬಕ್ಕಾಗಲ್ಲ."

"ಅಕ್ಕ, ಸೀಟಿ ಮರೆತು ಬಂದ್ರಾ?" ಎಂದ ಕನ್ನಡಕ.

ಟೈಮಕ್ಕ ನಕ್ಕು ಕುರ್ಚಿಯಲ್ಲಿ ಕೂತಳು. ಆದರೆ ಅತ್ತೆಯ "ಗೊತ್ತಿಲ್ವಾ?" ಕಿವಿಯಲ್ಲಿ ಸೊಳ್ಳೆಯಂತೆ ಸುತ್ತುತ್ತಲೇ ಇತ್ತು. ಅರ್ಧ ಲೋಟ ಟೀ ಆದಮೇಲೆ ಅವಳು ಕುರ್ಚಿಯನ್ನು ಕನ್ನಡಕನ ಕಡೆ ತಿರುಗಿಸಿದಳು.

"ಒಂದು ಪೆದ್ದು ಪ್ರಶ್ನೆ ಕೇಳ್ತೀನಪ್ಪ. ಈ ಪೆಟ್ಟಿಗೆ ಒಳಗೆ ಅಲಾರಂ ಎಷ್ಟು?"

"ಒಂದೇ. ಗಂಟೆಗೊಮ್ಮೆ ಹೊಡೆಯುತ್ತೆ, ಟ್ರೇ ಹೊರಳುತ್ತೆ, ಹಾಗೇ ಮುಂದಿನ ಗಂಟೆಗೆ ತನ್ನನ್ನ ತಾನೇ ಇಟ್ಕೊಳ್ಳುತ್ತೆ."

"ನೆಟ್‌ವರ್ಕ್ ಹೋದಾಗ?"

"ಹತ್ತು ಸೆಕೆಂಡು ಸುಮ್ಮನಿರುತ್ತೆ. ಆಮೇಲೂ ಬರಲಿಲ್ಲ ಅಂದ್ರೆ ನೆಟ್‌ವರ್ಕಿನ ಆ ತುದಿಯಲ್ಲಿರೋ ಕಂಪ್ಯೂಟರನ್ನ 'ಇದ್ದೀಯಾ?' ಅಂತ ಕೇಳುತ್ತೆ. ಉತ್ತರಕ್ಕೆ ಐದು ಸೆಕೆಂಡು ಕಾಯುತ್ತೆ. ಬರದಿದ್ರೆ ಮತ್ತೆ ಕೇಳುತ್ತೆ."

"ಐದು ಸೆಕೆಂಡು ಆಯ್ತು ಅಂತ ಅದಕ್ಕೆ ಯಾರು ಹೇಳ್ತಾರೆ?"

"ಅಲಾರಂ."

"ಯಾವ ಅಲಾರಂ?"

ಕನ್ನಡಕ ಪರದೆಯತ್ತ ತಿರುಗಿ ಕೋಡನ್ನು ಮೇಲಿಂದ ಕೆಳಗೆ ನೋಡಿದ. "ಅದೇ. ಆದ್ರೆ ಅಕ್ಕ, ಉತ್ತರ ಬಂದ ತಕ್ಷಣ ನಿಲ್ಲಿಸಿಬಿಡ್ತೀನಲ್ಲ. ಸುಮ್ಮನೆ ಹೊಡ್ಕೊಳ್ಳೋದು ಬೇಡ ಅಂತ."

"ನಮ್ಮತ್ತೆಯೂ ಅದನ್ನೇ ಹೇಳಿದ್ರು," ಎಂದಳು ಟೈಮಕ್ಕ.

ಕನ್ನಡಕನಿಗೆ ಆ ಮಾತಿನ ತಲೆಬುಡ ತಿಳಿಯಲಿಲ್ಲ. ಎರಡೂ ವಿಭಾಗಕ್ಕೆ ಹಸಿರು ಬಿದ್ದಿದೆ, ಹಸಿರು ಬಿದ್ದದ್ದನ್ನು ಕೆದಕಬಾರದು ಎಂದ. ಎರಡನ್ನೂ ಕೂಡಿಸಿ ಒಂದೇ ಒಂದು ಪರೀಕ್ಷೆ ಮಾಡೋಣ ಎಂದಳು ಇವಳು. ಮಾತು ಏರಿದ್ದನ್ನು ಕೇಳಿ ಆಯ್ತಪ್ಪನವರು ತಮ್ಮ ಗಾಜಿನ ಗೂಡಿನಿಂದ ಹೊರಬಂದರು.

"ಮೂರು ಗಂಟೆಗೆ ವ್ಯಾನ್ ಬರುತ್ತೆ ಟೈಮಕ್ಕ. ಮೂರು ತಿಂಗಳು ಇತ್ತು ನಿಮಗೆ. ಇವತ್ತೇ ಬೇಕಿತ್ತಾ?"

"ಇವತ್ತೇ ತಡವಾಗಿ ಎದ್ದೆ ಸಾರ್."

ಆಯ್ತಪ್ಪನವರಿಗೂ ಅರ್ಥವಾಗಲಿಲ್ಲ. ಆದರೆ ಬೇಡ ಎನ್ನುವ ಅಭ್ಯಾಸ ಅವರಿಗಿರಲಿಲ್ಲ. "ಆಯ್ತು. ಮೂರು ಗಂಟೆ ತನಕ ಏನು ಬೇಕಾದ್ರೂ ಮಾಡಿ. ಮೂರಾದ ಮೇಲೆ ಪೆಟ್ಟಿಗೆ ಮುಟ್ಟೋ ಹಾಗಿಲ್ಲ," ಎಂದರು. ಹೋಗುತ್ತ ತಿರುಗಿ, "ಶನಿವಾರ ಕೂತು ಮಾತಾಡ್ಬೇಕು ನಾವು, ನೆನಪಿದೆಯಲ್ಲ?" ಎಂದು ಸೇರಿಸಿದರು. ಅವಳು ಮರೆತಿದ್ದರೆ ತಾನೆ.

ಗಂಟೆಗೊಂದು ಹೊರಳಾಟ ಕಾಯುತ್ತ ಕೂತರೆ ದಿನ ಮುಗಿದೀತು. ಗಂಟೆಯನ್ನು ಒಂದು ನಿಮಿಷಕ್ಕೆ ಇಳಿಸಿಕೊಡು ಎಂದು ಟೈಮಕ್ಕ ಕನ್ನಡಕನಿಗೆ ಗಂಟುಬಿದ್ದಳು. ಅವನು ಗೊಣಗುತ್ತ ಇಳಿಸಿಕೊಟ್ಟ. ಖಾಲಿ ಟ್ರೇಯನ್ನು ಪೆಟ್ಟಿಗೆಗೆ ಜೋಡಿಸಿ, ಅಂಚಿನಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಳು. ಇಷ್ಟೆಲ್ಲ ಹೊಂದಿಸುವ ಹೊತ್ತಿಗೆ ಎರಡೂಮುಕ್ಕಾಲು. ಪರದೆಯ ಮೇಲೆ ಏನು ಕಂಡರೂ ಅವಳಿಗೆ ಸಂಬಂಧವಿಲ್ಲ. ಗೆರೆ ಮೇಲೆ ಹೋಯಿತೋ ಕೆಳಗೆ ಬಂತೋ, ಅಷ್ಟೇ.

ಒಂದನೇ ನಿಮಿಷ ಟ್ರೇ ಹೊರಳಿತು. ನೋಟ್‌ಬುಕ್ಕಿಗೆ ಬರೆದಳು. ನೆಟ್‌ವರ್ಕಿನ ತಂತಿ ಕಿತ್ತು ಮತ್ತೆ ಸಿಕ್ಕಿಸಿದಳು. ಎರಡನೇ ನಿಮಿಷ ಟ್ರೇ ಹೊರಳಿತು. ಮೂರನೆಯದೂ ಹೊರಳಿತು. ನಾಲ್ಕನೆಯದೂ.

"ಆಯ್ತಾ ಅಕ್ಕ?" ಎಂದ ಕನ್ನಡಕ. ಗೆದ್ದವನ ದನಿಯಲ್ಲಿ ಸ್ವಲ್ಪ ಕರುಣೆಯನ್ನೂ ಬೆರೆಸಿದ್ದ, ಅದೇ ಹೆಚ್ಚು ಚುಚ್ಚಿತು.

ಟೈಮಕ್ಕ ಸೀಮೆಸುಣ್ಣ ಕೆಳಗಿಟ್ಟಳು. ಅತ್ತೆಯ ಹಾಲು ಉಕ್ಕಿದ ಕಥೆಯನ್ನು ನಂಬಿಕೊಂಡು ಕಂಪನಿಯನ್ನೇ ನಿಲ್ಲಿಸಹೊರಟೆನಲ್ಲ ಎನಿಸಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳಿಸಿತು. ಕೋಳಿಯಮ್ಮ ಹತ್ತು ನಿಮಿಷ ಮೊದಲೇ ಬಂದಿದ್ದರು. ದಪ್ಪ ಹೆಂಗಸು, ರಬ್ಬರು ಚಪ್ಪಲಿ, ಮೈಯಲ್ಲಿ ಹೊಟ್ಟಿನ ವಾಸನೆ.

"ಏನು ನಡೀತಿದೆ ಇಲ್ಲಿ?"

"ಏನಿಲ್ಲಮ್ಮ, ಕೊನೇ ಪರೀಕ್ಷೆ. ಎಲ್ಲಾ ಆಯ್ತು," ಎಂದರು ಆಯ್ತಪ್ಪನವರು, ಹೇಗೂ ಹೇಳುವವರೇ.

ಟೈಮಕ್ಕ ನೋಟ್‌ಬುಕ್ಕು ನೋಡುತ್ತಿದ್ದಳು. ತಂತಿ ಕಿತ್ತ ಹೊತ್ತು, ಸಿಕ್ಕಿಸಿದ ಹೊತ್ತು, ಎರಡನ್ನೂ ಅಭ್ಯಾಸಬಲದಿಂದ ಬರೆದಿದ್ದಳು. ನಡುವೆ ನಾಲ್ಕು ಸೆಕೆಂಡು. ಪೆಟ್ಟಿಗೆ ಬಾಯಿ ತೆರೆಯುವುದೇ ಹತ್ತು ಸೆಕೆಂಡಾದ ಮೇಲೆ. ತಂತಿ ಹೋದದ್ದೇ ಅದಕ್ಕೆ ಗೊತ್ತಾಗಿರಲಿಲ್ಲ. ಇನ್ನು ಅದು "ಇದ್ದೀಯಾ?" ಎಂದು ಕೇಳಿದ್ದೆಲ್ಲಿ, ಉತ್ತರ ಬಂದದ್ದೆಲ್ಲಿ? ಗಾಡಿಯೇ ಬಾರದಿರುವಾಗ ಸಿಗ್ನಲ್ ಸರಿಯಿತ್ತು ಎಂದು ಬರೆದುಕೊಂಡಂತಾಗಿತ್ತು.

ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಎಂಟು ನಿಮಿಷ. ಸುಮ್ಮನಿದ್ದರೆ ಶನಿವಾರದ ಮಾತುಕತೆ ಚೆನ್ನಾಗಿಯೇ ಆದೀತು. ಗಿರಾಕಿಯ ಎದುರು ಯಜಮಾನರ ಸರಕನ್ನು ಅನುಮಾನಿಸಿದವರನ್ನು ಯಾವ ಅಂಗಡಿಯವರೂ ಖಾಯಂ ಮಾಡಿಕೊಂಡದ್ದಿಲ್ಲ.

"ಇನ್ನೊಂದು ಸಲ ಸಾರ್," ಎಂದಳು ಟೈಮಕ್ಕ. "ಇನ್ನೂ ಮೂರಾಗಿಲ್ಲ."

ಆಯ್ತಪ್ಪನವರ ಮುಖ ಉಗುಳಲೂ ನುಂಗಲೂ ಆಗದವರ ಮುಖದಂತಾಯಿತು. ಕೋಳಿಯಮ್ಮ ಸ್ಟೂಲು ಎಳೆದು ಕೂತರು. "ಮಾಡಲಿ ಬಿಡಿ. ನನಗೂ ನೋಡ್ಬೇಕು."

ತಂತಿ ಕಿತ್ತಳು. ಈ ಸಲ ಕೈಗಡಿಯಾರ ನೋಡುತ್ತ ಗಟ್ಟಿಯಾಗಿ ಎಣಿಸಿದಳು. ಹತ್ತು. ಹದಿನೈದು. ಪರದೆಯಲ್ಲಿ ಕೆಂಪು ದೀಪ ಬಂತು. ಇಪ್ಪತ್ತಕ್ಕೆ ತಂತಿ ಸಿಕ್ಕಿಸಿದಳು. ಎರಡು ಸೆಕೆಂಡಿನಲ್ಲಿ ದೀಪ ಹಸಿರಾಯಿತು. ಕೋಳಿಯಮ್ಮನ ಕೈಯ ಫೋನು ಟಿಣ್ ಎಂದಿತು: ಎಲ್ಲಾ ಕ್ಷೇಮ.

"ಬಂತಲ್ಲ," ಎಂದು ಕನ್ನಡಕ ಉಸಿರು ಬಿಟ್ಟ. ಹೋದದ್ದು ಮರಳಿ ಬಂದಾಗ ಎಲ್ಲರೂ ಅದರ ಮುಖವನ್ನೇ ನೋಡುತ್ತಾರೆ. ಟೈಮಕ್ಕ ಮಾತ್ರ ಸೀಮೆಸುಣ್ಣದ ಗೆರೆ ನೋಡುತ್ತಿದ್ದಳು.

ಒಂದು ನಿಮಿಷವಾಯಿತು. ಗೆರೆ ಅಲ್ಲಾಡಲಿಲ್ಲ. ಎರಡಾಯಿತು. ಬೆಸುಗೆಯವಳು ಕೆಲಸ ಬಿಟ್ಟು ಬಂದು ನಿಂತಳು. ಮೂರಾಯಿತು. ಫೋನಿನಲ್ಲಿ ದೀಪ ಗರಿಕೆಯಷ್ಟು ಹಸಿರಾಗಿತ್ತು, ಟ್ರೇ ಕಲ್ಲಿನಂತೆ ಕೂತಿತ್ತು.

"ಇದು ನಮ್ಮ ಭಾವನ ಹಾಗಿದೆ," ಎಂದರು ಕೋಳಿಯಮ್ಮ. "ಫೋನ್ ಮಾಡಿ ಎಲ್ಲಾ ಚೆನ್ನಾಗಿದೆ ಅಂತಾನೆ. ಹೋಗಿ ನೋಡಿದ್ರೆ ಮಂಚದಿಂದ ಇಳಿದಿರಲ್ಲ."

ಅವರು ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು. ಅವರ ಕಡೆ ನೆಟ್‌ವರ್ಕ್ ದಿನಕ್ಕೆ ನಾಲ್ಕು ಸಲ ಹೋಗಿ ಬರುತ್ತದೆ. ಮೊದಲ ಸಲ ಹೋಗಿ ಬಂದದ್ದೇ ಟ್ರೇ ನಿಂತಿರುತ್ತಿತ್ತು, ಮರಿಯಾಗುವ ಇಪ್ಪತ್ತೊಂದು ದಿನವೂ ಹಸಿರು ದೀಪ ನೋಡಿಕೊಂಡು ತಾವು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು.

"ಇದಕ್ಕೆ ಕಾರಣ ಯಾರಮ್ಮ?" ಎಂದು ಟೈಮಕ್ಕನನ್ನೇ ಕೇಳಿದರು.

ಕನ್ನಡಕ ತಲೆ ತಗ್ಗಿಸಿದ್ದ. ಟೈಮಕ್ಕ ಅವನತ್ತ ನೋಡಲಿಲ್ಲ. "ನಮ್ಮತ್ತೆ," ಎಂದು ಬೆಳಗಿನ ಕಥೆಯನ್ನು ಹೇಳಿದಳು: ಕಣ್ಣಿನ ಔಷಧಿ, ಹತ್ತು ನಿಮಿಷ, ಉಕ್ಕಿದ ಹಾಲು, ಐದೂವರೆಯನ್ನು ಹೊತ್ತೊಯ್ದ ಒಂದು ಗುಂಡಿ. "ಈ ಪೆಟ್ಟಿಗೆ ಒಳಗೂ ಅದೇ ಆಗಿದೆ. ಒಂದೇ ಅಲಾರಂ, ಕೆಲಸ ಎರಡು. ನೆಟ್‌ವರ್ಕು ತನ್ನ ಐದು ಸೆಕೆಂಡಿಗೆ ಇಟ್ಕೊಳ್ತು, ಉತ್ತರ ಬಂತು ಅಂತ ನಿಲ್ಲಿಸ್ತು. ಮೊಟ್ಟೆಯ ಗಂಟೆಯೂ ಅದರ ಜೊತೆಗೇ ಹೋಯ್ತು. ಬೇರೆ ಬೇರೆಯಾಗಿ ನೋಡಿದ್ರೆ ಇಬ್ಬರೂ ಸಂಭಾವಿತರು. ಜೊತೆಗೆ ಕಟ್ಟಿದ್ರೆ ಎತ್ತು ಏರಿಗೆ, ಕೋಣ ನೀರಿಗೆ."

ಕೋಳಿಯಮ್ಮನ ಭುಜ ಮೊದಲು ಅಲುಗಿತು, ಆಮೇಲೆ ನಗು ಬಂತು. ಅದು ಬಂದ ಮೇಲೆ ಉಳಿದವರಿಗೂ ಉಸಿರು ಬಂತು. "ವ್ಯಾನ್ ಖಾಲಿ ಹೋಗುತ್ತೆ ಬಿಡಿ. ಸೋಮವಾರ ಬರ್ತೀನಿ. ಮೊಟ್ಟೆ ನಾಲ್ಕು ದಿನ ತಂಪಲ್ಲಿ ಇರುತ್ತೆ, ಅದಕ್ಕೇನೂ ಆಗಲ್ಲ. ಆದ್ರೆ ಪೆಟ್ಟಿಗೆ ಸರಿಯಾಯ್ತು ಅಂತ ನೀವು ಹೇಳ್ಬೇಡಿ," ಎಂದು ಆಯ್ತಪ್ಪನವರತ್ತ ಬೆರಳು ತೋರಿಸಿ, "ಈ ಅಮ್ಮ ಹೇಳಲಿ," ಎಂದು ಮೆಟ್ಟಿಲಿಳಿದರು.

ಆಯ್ತಪ್ಪನವರು ಗಾಜಿನ ಗೂಡಿಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಬಾಗಿಲನ್ನು ನೋಡಿ ಟೈಮಕ್ಕ ಮನಸ್ಸಿನಲ್ಲೇ ಡಬ್ಬಿ, ಛತ್ರಿ, ಸ್ವೆಟರು ಎಂದು ಚೀಲಕ್ಕೆ ತುಂಬತೊಡಗಿದಳು.

ಗುರುವಾರ ಇಡೀ ದಿನ ಕನ್ನಡಕ ಬಾಯಿ ಬಿಡದೆ ಬರೆದ. ನೆಟ್‌ವರ್ಕಿನ ಕಾಯುವಿಕೆಗೆ ಬೇರೆಯದೇ ಗಡಿಯಾರ ಕೊಟ್ಟ. ಮೊಟ್ಟೆಯ ಅಲಾರಮ್ಮಿಗೆ ಇನ್ನು ಯಾರೂ ಕೈ ಹಾಕುವಂತಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಟೈಮಕ್ಕನ ಪರದೆಯಲ್ಲಿ ಎಪ್ಪತ್ತೆಂಟನೆಯ ಪರೀಕ್ಷೆಯೊಂದು ಕಂಡಿತು. ಟೈಮರನ್ನೂ ನೆಟ್‌ವರ್ಕನ್ನೂ ಒಟ್ಟಿಗೆ ಓಡಿಸಿ, ನಡುವೆ ನೆಟ್‌ವರ್ಕು ಕೆಡವಿ, ಮತ್ತೆ ಎಬ್ಬಿಸಿ, ಟ್ರೇ ಹೊರಳಿತೇ ಎಂದು ನೋಡುವ ಪರೀಕ್ಷೆ. ಹೆಸರಿನ ಜಾಗದಲ್ಲಿ "ಅತ್ತೆ" ಎಂದಿತ್ತು.

"ತಮಾಷೆನಾ?"

"ಇಲ್ಲ ಅಕ್ಕ," ಎಂದ ಕನ್ನಡಕ, ಮೊದಲ ಬಾರಿಗೆ ಕನ್ನಡಕ ತೆಗೆದು ಒರೆಸುತ್ತ. "ಮುಂದೆ ಯಾರಾದ್ರೂ ಇದೇ ತಪ್ಪು ಮಾಡಿದ್ರೆ 'ಅತ್ತೆ ಒಪ್ಪಲಿಲ್ಲ' ಅಂತ ಬರುತ್ತೆ. ಆಗ ಯಾರೂ ವಾದ ಮಾಡಲ್ಲ."

ಅವಳು ಅದನ್ನು ಅರವತ್ತು ಸಲ ಓಡಿಸಿದಳು, ನಾಲ್ಕು ಸೆಕೆಂಡಿಗೆ, ಹನ್ನೊಂದಕ್ಕೆ, ಇಪ್ಪತ್ತಕ್ಕೆ, ಸಿಗ್ನಲ್ ಬರುವ ಗಳಿಗೆಗೇ ಸರಿಯಾಗಿ ತಂತಿ ಕಿತ್ತು. ಅರವತ್ತು ಸಲವೂ ಗೆರೆ ಮೇಲೆ ಹೋಯಿತು, ಕೆಳಗೆ ಬಂತು.

ಶನಿವಾರ ಬೆಳಿಗ್ಗೆ ಆಯ್ತಪ್ಪನವರು ಕರೆಯಲಿಲ್ಲ. ಮಧ್ಯಾಹ್ನ ಕರೆಯಲಿಲ್ಲ, ಸಂಜೆಯಾಯಿತು. ಟೈಮಕ್ಕ ಚೀಲ ಹೆಗಲಿಗೆ ಹಾಕಿದಾಗ ಗಾಜಿನ ಗೂಡಿನ ಬಾಗಿಲು ತೆರೆಯಿತು. ಯಜಮಾನರ ಕಿವಿಯಲ್ಲಿ ಫೋನಿತ್ತು. ಯಾರೋ ಹೊಸ ಗಿರಾಕಿ, ತರಕಾರಿ ಇಡುವ ತಂಪು ಕೋಣೆಗೆ ಪೆಟ್ಟಿಗೆ ಕೇಳುತ್ತಿದ್ದರು. ಹದಿನೈದು ದಿನದಲ್ಲಿ ಬೇಕಂತೆ. ಆಯ್ತಪ್ಪನವರ ತುಟಿ ಆ ಹಳೆಯ ಪದಕ್ಕೆ ದುಂಡಗಾಗುವುದನ್ನು ಟೈಮಕ್ಕ ಕಣ್ಣಾರೆ ನೋಡಿದಳು. ಪದ ಅಲ್ಲೇ ನಿಂತಿತು. ಅವರು ಫೋನಿನ ಬಾಯಿಗೆ ಕೈ ಮುಚ್ಚಿ ಅವಳ ಕಡೆ ತಿರುಗಿದರು.

"ಹದಿನೈದು ದಿನದಲ್ಲಿ ಆಗುತ್ತಾ, ಟೈಮಕ್ಕ?"

ಅವಳಿಗೆ ಅರ್ಥವಾಯಿತು. ಶನಿವಾರದ ಮಾತುಕತೆ ಇದೇ, ಇಷ್ಟೇ, ಮುಗಿದೂ ಹೋಯಿತು. ಹೆಗಲ ಚೀಲವನ್ನು ಮತ್ತೆ ಕುರ್ಚಿಯ ಬೆನ್ನಿಗೆ ನೇತುಹಾಕಿದಳು.

"ತಿಂಗಳು ಅನ್ನಿ ಸಾರ್," ಎಂದಳು. "ಇನ್ನೂ ಏನೂ ನೋಡಿಲ್ಲ ನಾವು."

ಮನೆಗೆ ಹೋಗುವ ದಾರಿಯಲ್ಲಿ ಅತ್ತೆಗೆಂದು ಒಂದು ಪುಟ್ಟ ಹಳದಿ ಗಡಿಯಾರ ಕೊಂಡಳು. ಅತ್ತೆ ಅದನ್ನು ಕಪ್ಪು ಕನ್ನಡಕದ ಹತ್ತಿರಕ್ಕೆ ಹಿಡಿದು ತಿರುವಿ ನೋಡಿದರು. "ನನ್ನ ಮೇಲೆ ನಂಬಿಕೆ ಇಲ್ಲ ಅನ್ನು," ಎಂದರು. ಬಾಯಲ್ಲಿ ಮುನಿಸು, ಕೈಯಲ್ಲಿ ಗಡಿಯಾರ ಭದ್ರ.

ಇಪ್ಪತ್ತೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳ ಫೋನು ಹೊಡೆಯಿತು. ಆ ಕಡೆಯಿಂದ ಮೊದಲು ಕೋಳಿಯಮ್ಮನ ಮಾತು ಬರಲಿಲ್ಲ, ಸಾವಿರಾರು ಮರಿಗಳ ಕಿಚಿಕಿಚಿ ಬಂತು. ಟೈಮಕ್ಕ ಫೋನನ್ನು ಕಿವಿಗೆ ಒತ್ತಿಕೊಂಡೇ ನೋಟ್‌ಬುಕ್ಕು ಎಳೆದುಕೊಂಡಳು. ಪೆನ್ನಿನ ಮುಚ್ಚಳ ತೆಗೆದು, ಕೈಗಡಿಯಾರ ನೋಡಿ, ಹೊತ್ತನ್ನು ಬರೆದಳು: ಎಂಟು ಹನ್ನೆರಡು, ಹೊರಟವು.